ಸಾಹುಕಾರರ ಬಿಳಿ ಅಂಗಿ

ಊರಿಗೆ ದೇಶಭಕ್ತಿ ಬಂದರೆ ಮೊದಲು ಕೆಲಸ ಹೆಚ್ಚುವುದು ಲಾಂಡ್ರಿಯವನಿಗೆ. ಹಳೆಯ ಪೊಲೀಸ್ ಠಾಣೆಯನ್ನು ಒಡೆದು ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನಕ್ಕೆ ಆ ಠಾಣೆಯ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಪರಕೀಯರ ಸರ್ಕಾರದ ಕಾಲದಲ್ಲಿ ಸ್ವಾತಂತ್ರ್ಯ ಬೇಕೆಂದು ಮೆರವಣಿಗೆ ಹೋದವರನ್ನು ಹೊಡೆದು ಕೂಡಿಹಾಕಿದ್ದು ಅಲ್ಲೇ. ನಿನ್ನೆ ಮೊನ್ನೆಯವರೆಗೆ ಅದರ ಗೋಡೆಗೆ ಮೂತ್ರ ಮಾಡುತ್ತಿದ್ದವರು ಈಗ ಅದರ ಮುಂದೆ ಸಾಲು ನಿಂತು ಸಹಿ ಹಾಕಿದರು. ಸಮಿತಿಯಾಯಿತು. ಠಾಣೆ ಉಳಿಯಿತು. ಅದನ್ನು ಚರಿತ್ರೆಯ ಸಂಗ್ರಹಾಲಯ ಮಾಡುವುದೆಂದು ತೀರ್ಮಾನವೂ ಆಯಿತು. ಭಾನುವಾರ ಬಂದರೆ ಮೆರವಣಿಗೆ, ಮೆರವಣಿಗೆಗೆ ಎಲ್ಲರೂ ಬಿಳಿ ಬಟ್ಟೆ. ಆ ಬಿಳಿ ಬಟ್ಟೆಯೆಲ್ಲ ಬಂದು ಬೀಳುತ್ತಿದ್ದದ್ದು ಗಂಜಿಯಣ್ಣನ ಅಂಗಡಿಯ ಮೇಜಿನ ಮೇಲೆ.

ಆ ಹೆಸರಿಟ್ಟಿದ್ದು ಬೀದಿಯವರು. ಅವನು ಗಂಜಿ ಹಾಕಿದ ಅಂಗಿ ಯಾರೂ ತೊಡದಿದ್ದರೂ ತಾನೇ ಎದ್ದು ನಿಲ್ಲುತ್ತದೆ ಎಂದು ತಮಾಷೆ. ಅಂಗಿ ನಿಲ್ಲುತ್ತಿತ್ತೋ ಏನೋ, ಅರವತ್ತರ ಹತ್ತಿರ ಬಂದ ಗಂಜಿಯಣ್ಣನಿಗೆ ಮಾತ್ರ ಸಂಜೆಯ ಹೊತ್ತಿಗೆ ನಿಲ್ಲಲಾಗುತ್ತಿರಲಿಲ್ಲ. ಮೊಣಕಾಲು ಊದಿಕೊಳ್ಳುತ್ತಿತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಇಸ್ತ್ರಿಯ ಬಿಸಿ ಪರದೆ ದಾಟಿ ಅಡಿಗೆಮನೆಗೆ ಬರುತ್ತಿತ್ತು, ಈರುಳ್ಳಿಯ ವಾಸನೆ ಪರದೆ ದಾಟಿ ಗಿರಾಕಿಗಳ ಕೋಟಿಗೆ ಹೋಗುತ್ತಿತ್ತು.

ಸಮಿತಿಯ ಬಟ್ಟೆಯ ಮೂರನೇ ಗಂಟು ಬಂದ ದಿನ ಅವನ ಹೆಂಡತಿ ಸೌಟು ಹಿಡಿದುಕೊಂಡೇ ಅಂಗಡಿಗೆ ಬಂದಳು.

"ಇದಕ್ಕಾದ್ರೂ ದುಡ್ಡು ಕೊಡ್ತಾರೇನ್ರೀ?"

"ದೇಶಕ್ಕೆ ಅಂತೆ."

"ದೇಶಕ್ಕೆ ಅಂದ್ರೆ?"

"ಬಿಟ್ಟಿ ಅಂತ."

"ಹಾಗಾದ್ರೆ ಸೋಪಿನ ಅಂಗಡಿಯವನಿಗೂ ದೇಶಕ್ಕೆ ಅಂತ ಹೇಳಿ ತಗೊಂಡು ಬನ್ನಿ. ಕೊಡ್ತಾನೇನೋ ನೋಡೋಣ."

ಗಂಜಿಯಣ್ಣ ಗಂಟು ಬಿಚ್ಚತೊಡಗಿದ. ಗಂಟು ತಂದವಳು ಅವರ ಮಗಳೇ. ಬೀದಿಯ ಕೊನೆಯ ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದಳು. ಮನೆಯಲ್ಲೂ ಅವಳಿಗೆ ಟೀಚರ್ ಎಂದೇ ಹೆಸರು. ವರ್ಷಗಳಿಂದ ಕೆಲಸ ಮಾಡುತ್ತಿದ್ದರೂ ಕೆಲಸ ಖಾಯಂ ಆಗಿರಲಿಲ್ಲ. ಶಾಲೆಯ ಕಾರ್ಯದರ್ಶಿಯೇ ಸಂಗ್ರಹಾಲಯ ಸಮಿತಿಯ ಅಧ್ಯಕ್ಷರು. ಹಾಗಾಗಿ ಸಹಿ ಸಂಗ್ರಹಕ್ಕೆ ಟೀಚರ್, ಬ್ಯಾನರು ಕಟ್ಟಿಸುವುದಕ್ಕೆ ಟೀಚರ್, ಬಟ್ಟೆಯ ಗಂಟು ಹೊರುವುದಕ್ಕೂ ಟೀಚರ್. ದೇಶದ ಮೇಲೆ ಅವಳಿಗೆ ನಿಜವಾಗಿಯೂ ಪ್ರೀತಿ ಇತ್ತು. ಅದರ ಜೊತೆಗೆ ಭಯವೂ ಇತ್ತು. ಎರಡನ್ನೂ ಹೊತ್ತು ತಿರುಗಿ ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಅಮ್ಮ ಗೊಣಗಿದರೆ, "ನನ್ನ ಕೆಲಸ ಖಾಯಂ ಆಗೋದು ಬೇಡ್ವಾ ನಿನಗೆ?" ಎನ್ನುವಳು. ಅಮ್ಮ ಒಲೆಯ ಕಡೆ ತಿರುಗುವಳು.

ಮನೆಯ ನಾಲ್ಕನೆಯ ಜೀವ ಅಜ್ಜಿ, ಗಂಜಿಯಣ್ಣನ ತಾಯಿ. ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಪರೇಷನ್ ಮಾಡಿಸೋಣ ಎಂದರೆ, "ನೋಡಿದ್ದು ಸಾಕು," ಎನ್ನುತ್ತಿದ್ದಳು. ಆದರೂ ಕೂತು ಉಣ್ಣುವ ಪೈಕಿಯಲ್ಲ. ಹಿತ್ತಿಲ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಒಗೆಯಲು ಬಂದ ಅಂಗಿಗಳ ಜೇಬು ತಡಕುವುದು, ಸಡಿಲವಾದ ಗುಂಡಿ ಬಿಗಿಯುವುದು ಅವಳ ಪಾಲಿನ ಕೆಲಸ. ಸೂಜಿಗೆ ದಾರ ಪೋಣಿಸಿಕೊಡುವುದು ಸೊಸೆಯದು.

ಆ ವಾರದ ಸಭೆಯಲ್ಲಿ ಅಧ್ಯಕ್ಷರು, "ಒಂದೊಂದು ಮನೆಯೂ ಒಂದೊಂದು ನೆನಪು ಕೊಡಬೇಕು," ಎಂದು ಕರೆ ಕೊಟ್ಟರು. ಒಬ್ಬರು ಹಳೆಯ ಲಾಟೀನು ಕೊಡುತ್ತೇನೆಂದರು, ಇನ್ನೊಬ್ಬರು ಊರುಗೋಲು. ಟೀಚರ್ ಎದ್ದು ನಿಂತು, "ನಮ್ಮಜ್ಜ ಮೆರವಣಿಗೆಯಲ್ಲಿ ಏಟು ತಿಂದಾಗ ತೊಟ್ಟಿದ್ದ ಅಂಗಿ ನಮ್ಮ ಮನೆಯಲ್ಲಿದೆ, ರಕ್ತದ ಕಲೆಯೂ ಹಾಗೇ ಇದೆ," ಎಂದುಬಿಟ್ಟಳು. ಚಪ್ಪಾಳೆ ನಿಲ್ಲಲಿಲ್ಲವಂತೆ. ಅಧ್ಯಕ್ಷರು ಕಣ್ಣೊರೆಸಿಕೊಂಡರಂತೆ. ಮನೆಯಲ್ಲಿ ಕೇಳಿ ಹೇಳಬೇಕಿತ್ತು ಎಂಬುದು ಅವಳಿಗೆ ಹೊಳೆದದ್ದು ಮನೆಯ ಮೆಟ್ಟಿಲು ಹತ್ತುವಾಗ.

ಊಟಕ್ಕೆ ಕೂತಾಗ ಹೇಳಿದಳು. ಸಾರು ಬಡಿಸುತ್ತಿದ್ದ ಸೊಸೆಯ ಕೈ ನಿಂತಿತು.

"ಕಲೆ ಇರೋ ಅಂಗಿ ಕೊಡ್ತೀನಿ ಅಂದ್ಯಾ?" ಅಜ್ಜಿ ಕೇಳಿದಳು. "ಅಷ್ಟು ಜನರ ಮುಂದೆ?"

"ಕಲೆ ಇದೆ ಅಂತಾನೇ ಅಜ್ಜಿ ಅವರಿಗೆ ಬೇಕಾಗಿರೋದು."

"ಲಾಂಡ್ರಿ ಮನೆಯಿಂದ ಕಲೆ ಇರೋ ಬಟ್ಟೆ ಹೊರಗೆ ಹೋಗಬಾರದು. ಅಷ್ಟೂ ಗೊತ್ತಿಲ್ವೇನೇ ನಿನಗೆ? ನಿಮ್ಮಜ್ಜ ಇದ್ದಿದ್ರೆ ಕಿವಿ ಹಿಂಡಿರೋರು."

"ಇದು ಗಿರಾಕಿ ಬಟ್ಟೆ ಅಲ್ಲ ಅಜ್ಜಿ, ಚರಿತ್ರೆ. ಅದು ನಿನ್ನೊಬ್ಬಳದೇ ಅಲ್ಲ, ದೇಶದ್ದು."

"ಓಹೋ. ಇಷ್ಟು ವರ್ಷ ದೇಶ ಎಲ್ಲಿ ಹೋಗಿತ್ತು? ಅದನ್ನ ಒಗೆಯೋಕೆ ಒಂದು ದಿನಾನೂ ಬರಲಿಲ್ಲ."

ಗಂಜಿಯಣ್ಣನಿಗೆ ನಗು ಬಂತು. ಮಗಳ ಮುಖ ನೋಡಿ ನುಂಗಿಕೊಂಡ.

ಮುಂದಿನ ವಾರ ಅಧ್ಯಕ್ಷರೇ ಬಂದರು, ಫೋಟೋದವನನ್ನೂ ಕರೆದುಕೊಂಡು. ಮನೆಯಲ್ಲಿದ್ದ ಒಂದೇ ಒಳ್ಳೆಯ ಕುರ್ಚಿಯಿಂದ ಬಟ್ಟೆಯ ರಾಶಿಯನ್ನು ನೆಲಕ್ಕೆ ಇಳಿಸಿ ಅವರನ್ನು ಕೂರಿಸಿದ್ದಾಯಿತು. ಅಜ್ಜಿ ಅಂಗಿ ತೆಗೆಯಲು ಒಪ್ಪಲಿಲ್ಲ, ಅದನ್ನು ಇಟ್ಟಿದ್ದ ಪೆಟ್ಟಿಗೆಯ ಮೇಲೆಯೇ ಕೂತಳು.

"ಅಜ್ಜಮ್ಮ, ಆ ಕಲೆ ನಿಮಗೆ ಬರೀ ಕಲೆ ಇರಬಹುದು. ನಮಗೆ ಅದು ಈ ನಾಡಿನ ಕಥೆ," ಎಂದರು ಅಧ್ಯಕ್ಷರು.

"ರಕ್ತಕ್ಕೆ ತಣ್ಣೀರು ಸ್ವಾಮಿ. ಆಗಿಂದಾಗಲೇ ನೆನೆಸಿದ್ರೆ ಬಿಟ್ಟುಕೊಳ್ಳುತ್ತೆ. ಅವರು ಠಾಣೆ ಒಳಗಿಂದ ಬರೋ ಹೊತ್ತಿಗೆ ತಿಂಗಳಾನುಗಟ್ಟಲೆ ಆಗಿಹೋಗಿತ್ತು. ಕೂತುಬಿಡ್ತು."

ಅಧ್ಯಕ್ಷರು ಅದನ್ನು ಒಗಟೆಂದು ತಿಳಿದರು. "ಎಂಥ ಮಾತು! ಬರೆದುಕೋ, ಬರೆದುಕೋ," ಎಂದು ಫೋಟೋದವನಿಗೆ ಹೇಳಿದರು. ಹೋಗುವಾಗ ಟೀಚರನ್ನು ಬಾಗಿಲ ಬಳಿ ನಿಲ್ಲಿಸಿ, "ನಿಮ್ಮ ಖಾಯಮಾತಿ ಕಾಗದ ನನ್ನ ಮೇಜಿನ ಮೇಲೇ ಇದೆಯಮ್ಮ, ಉದ್ಘಾಟನೆಯೊಂದು ಮುಗಿಯಲಿ," ಎಂದರು. ಬೆದರಿಕೆಯ ಧ್ವನಿಯಲ್ಲ. ತುಂಬ ಪ್ರೀತಿಯಿಂದಲೇ ಹೇಳಿದರು.

ಅಲ್ಲಿಂದ ಮನೆಯಲ್ಲಿ ನೆಮ್ಮದಿಯ ಊಟವಿಲ್ಲ. ಟೀಚರ್ ನಿಂತುಕೊಂಡೇ ಬ್ರೆಡ್ಡು ತಿಂದು ಹೋಗುವಳು. ಅಜ್ಜಿ ತಟ್ಟೆ ಮುಟ್ಟದೆ ಕೂರುವಳು. ಗಂಜಿಯಣ್ಣ ಇಸ್ತ್ರಿ ಬಿಟ್ಟು ಒಳಗೆ ಬರುವ ಹೊತ್ತಿಗೆ ಅನ್ನ ಆರಿರುತ್ತಿತ್ತು. ಒಂದೇ ಅಡಿಗೆಯನ್ನು ಮೂರು ಸಲ ಬಿಸಿ ಮಾಡಿ ಮಾಡಿ ಸೊಸೆಗೆ ಸಾಕಾಗಿತ್ತು. "ದೇಶಕ್ಕೆ ಸ್ವಾತಂತ್ರ್ಯ ಬಂತು, ನನ್ನ ಒಲೆಗೆ ಯಾವಾಗ?" ಎಂದು ಪಾತ್ರೆಗಳಿಗೆ ಕೇಳಿದಳು.

ಕೊನೆಗೊಂದು ಸಂಜೆ ನಾಲ್ವರೂ ಒಟ್ಟಿಗೆ ಕೂತಿದ್ದರು. ಟೀಚರ್ ಆಹ್ವಾನ ಪತ್ರಿಕೆ ತಂದಿದ್ದಳು. ಅದರಲ್ಲಿ 'ಹುತಾತ್ಮರ ರಕ್ತಸಿಕ್ತ ಅಂಗಿ' ಎಂದು ಅಚ್ಚಾಗಿತ್ತು. ಗಂಜಿಯಣ್ಣ ಗಟ್ಟಿಯಾಗಿ ಓದಿದ.

"ಹುತಾತ್ಮರಾ?" ಸೊಸೆ ಕೇಳಿದಳು. "ಮಾವ ಹೋಗಿದ್ದು ಕೆಮ್ಮಿನಿಂದಲ್ವಾ?"

"ಅಚ್ಚಿನವರು ಹಾಕಿದ್ದಾರೆ. ಈಗೇನು ಮಾಡೋಕಾಗುತ್ತೆ?" ಎಂದಳು ಟೀಚರ್.

ಅಜ್ಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. "ಅದು ನಿಮ್ಮಜ್ಜನ ಅಂಗಿಯೇ ಅಲ್ಲ ಕಣೇ."

ಗಂಜಿಯಣ್ಣ ಪತ್ರಿಕೆಯನ್ನು ನೆಲಕ್ಕೆ ಇಟ್ಟ.

"ಮೆರವಣಿಗೆಗೆ ಬಿಳಿ ಹಾಕ್ಕೊಂಡು ಬನ್ನಿ ಅಂದಿದ್ರಂತೆ. ಊರಿಗೆಲ್ಲ ಬಿಳಿ ಮಾಡಿಕೊಡೋರ ಮನೇಲಿ ಬಿಳಿ ಅಂಗಿ ಎಲ್ಲಿಂದ ಬರಬೇಕು? ಧಾನ್ಯದ ಸಾಹುಕಾರರದು ಇಸ್ತ್ರಿಯಾಗಿ ಕಪಾಟಲ್ಲಿತ್ತು. ಹಾಕ್ಕೊಂಡ್ರು. ಸಂಜೆ ಬಂದು ಒಗೆದಿಡ್ತೀನಿ ಕಣೇ ಅಂದ್ರು."

ಗಿರಾಕಿಯ ಬಟ್ಟೆಯನ್ನು ಒಂದು ದಿನದ ಮಟ್ಟಿಗೆ ತೊಟ್ಟು ಒಗೆದಿಡುವುದು ಆ ಕಸುಬಿನಲ್ಲಿ ಎಲ್ಲರೂ ಮಾಡುವ, ಯಾರೂ ಹೇಳಿಕೊಳ್ಳದ ಕೆಲಸ. ಗಂಜಿಯಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಅವನು ತೊಟ್ಟಿರುವ ಕೋಟು ಆಗಿನ ಬ್ಯಾಂಕ್ ಮ್ಯಾನೇಜರರದು. ಹೆಂಡತಿಗೆ ಇವತ್ತಿನವರೆಗೂ ಗೊತ್ತಿಲ್ಲ.

"ಠಾಣೆ ಒಳಗೆ ನೋಡೋಕೆ ಹೋದೆ," ಅಜ್ಜಿ ಮುಂದುವರಿಸಿದಳು. "ಭುಜದ ಮೂಳೆ ಮುರಿದಿತ್ತು. ಕಿವಿ ಹರಿದಿತ್ತು. ಅಂಗಿ ಹಾಳಾಯ್ತು ಕಣೇ ಅಂತಾರೆ! ಮೊದಲ ಮಾತೇ ಅದು. ಸಾಹುಕಾರರ ಹೆಂಡತಿ ಅಂಗಿ ಎಲ್ಲಿ ಅಂದ್ರು. ಇದ್ದಿದ್ದು ಹೇಳಿದೆ. ಹಾಗಾದ್ರೆ ಅಂಗಿ ಬೆಳ್ಳಗೆ ಮಾಡಿ ತಂದುಕೊಡೋವರೆಗೂ ನಮ್ಮನೆ ಪಾತ್ರೆ ತೊಳಿ ಅಂದ್ರು. ಹೋದೆ. ಇವರು ಹೊರಗೆ ಬಂದ ಮೇಲೆ ಬೆಳಗ್ಗೆ ಅವರ ಪಾತ್ರೆ, ಮಧ್ಯಾಹ್ನ ಬಂದು ಈ ಅಂಗಿ. ಉಪ್ಪು ಹಾಕಿದೆ, ನಿಂಬೆಹುಳಿ ಹಾಕಿದೆ, ಬಿಸಿಲಿಗೆ ಹಾಕಿದೆ. ತಿಳಿಯಾಯ್ತು, ಹೋಗಲಿಲ್ಲ. ಇವತ್ತು ಹೋಗುತ್ತೆ, ನಾಳೆಯಿಂದ ಆ ಮನೆಗೆ ಹೋಗೋ ಹಾಗಿಲ್ಲ ಅಂದ್ಕೊಂಡು ಉಜ್ಜೋದು. ವರ್ಷ ಕಳೀತು. ಕೊನೆಗೆ ಅವರೇ ಊರು ಬಿಟ್ಟು ಹೋದ್ರು. ಅದಕ್ಕೆ ನಾನು ಬಿಡುಗಡೆ ಆದೆ."

ಅವಳು ಅಳಲಿಲ್ಲ. ಸಿಟ್ಟಿನಿಂದ ಹೇಳಿದಳು, ಆ ಸಿಟ್ಟು ಇನ್ನೂ ಹೊಸದಾಗಿತ್ತು.

ಟೀಚರ್ ಮೆಲ್ಲಗೆ ಅಂದಳು: "ಇದನ್ನ ಬೇರೆ ಯಾರ ಹತ್ರಾನೂ ಹೇಳಬೇಡ ಅಜ್ಜಿ."

"ಯಾಕೆ? ಬೀದೀಲಿ ಕೂಗಿದ್ದು ಅವರೇ, ಏಟು ತಿಂದಿದ್ದೂ ಅವರೇ. ಅದೇನು ಸುಳ್ಳಾ?"

"ಸುಳ್ಳಲ್ಲ. ಆದ್ರೆ ಜನ, ಯಾರದೋ ಅಂಗಿ ಕದ್ದು ಹಾಕ್ಕೊಂಡಿದ್ದ ಅಂತಾರೆ."

"ಕದ್ದಿಲ್ಲ. ಒಗೆದಿಡೋಣ ಅಂತ ಹಾಕ್ಕೊಂಡಿದ್ದು." ಅಜ್ಜಿ ಮಗನ ಕಡೆ ತಿರುಗಿದಳು. "ನೋಡೋ, ಕೊಡ್ತೀನಿ. ಮೊಮ್ಮಗಳ ಅನ್ನಕ್ಕೆ ಯಾಕೆ ಕಲ್ಲು ಹಾಕಲಿ? ಆದ್ರೆ ನೀನು ಒಗೆದು ಕೊಡು. ನಿನ್ನ ಹತ್ರ ಅದೆಂಥದೋ ಪುಡಿ ಇದೆಯಲ್ಲ, ಹಳೇ ಮಸಿ ಕಲೆ, ತುಕ್ಕಿನ ಕಲೆ ಎಲ್ಲಾ ತೆಗೀತೀಯಲ್ಲ. ನನ್ನ ಕೈಲಿ ಆಗಲಿಲ್ಲ. ಬೆಳ್ಳಗೆ ಮಾಡಿ ಕೊಡು. ಆಮೇಲೆ ದೇಶದವರಾದ್ರೂ ಇಟ್ಕೊಳ್ಲಿ, ಯಾರಾದ್ರೂ ಇಟ್ಕೊಳ್ಲಿ."

ಪೆಟ್ಟಿಗೆಯಿಂದ ಅಂಗಿ ತೆಗೆಸಿ ಅವನ ಮಡಿಲಲ್ಲಿ ಹಾಕಿದಳು.

ಗಂಜಿಯಣ್ಣನ ಪಾಡು ಅತ್ತ ದರಿ, ಇತ್ತ ಪುಲಿ. ಬೆಳಗಾದರೆ ಅಜ್ಜಿ ಹಿತ್ತಿಲ ಬಾಗಿಲಿನಿಂದ, "ಇವತ್ತು ಒಗೀತೀಯೇನೋ?" ಎಂದು ಕೇಳುವಳು. "ನಾಳೆ ಅಮ್ಮ, ಇವತ್ತು ಸಮಿತಿ ಬ್ಯಾನರಿದೆ," ಎನ್ನುವನು. ಸಂಜೆಯಾದರೆ ಮಗಳು ಪರದೆಯ ಹಿಂದಿನಿಂದ, "ಅಪ್ಪಾ, ಮುಟ್ಟಿಲ್ಲ ತಾನೆ?" ಎನ್ನುವಳು. "ಇಲ್ಲಮ್ಮ." ಅಂಗಿಯನ್ನು ಅವನು ಇಸ್ತ್ರಿ ಮೇಜಿನ ಕೆಳಗಿನ ಖಾನೆಯಲ್ಲಿ ಇಟ್ಟಿದ್ದ. ಗಿರಾಕಿಗಳಿಲ್ಲದಾಗ ತೆಗೆದು ನೋಡುತ್ತಿದ್ದ. ಭುಜದಿಂದ ಎದೆಯವರೆಗೆ ಚಹಾ ಚೆಲ್ಲಿದ ಹಾಗೆ ಕಂದು. ಅಪ್ಪನ ರಕ್ತ ಎಂದು ಮನಸ್ಸಿಗೆ ಅನ್ನಿಸುವ ಮೊದಲೇ ಕೈ ಹೇಳುತ್ತಿತ್ತು: ಹತ್ತಿಯ ಬಟ್ಟೆ, ಹಳೆಯ ಕಲೆ, ಪುಡಿ ಹಾಕಿದರೆ ಮಧ್ಯಾಹ್ನದೊಳಗೆ ಹೋಗುತ್ತದೆ. ಅದೇ ಅವನ ಸಂಕಟ. ಆಗುವುದಿಲ್ಲ ಎಂದಿದ್ದರೆ ಎಷ್ಟೋ ಸುಲಭವಿತ್ತು.

ಒಂದು ದಿನ ಪುಡಿಯ ಡಬ್ಬಿ ತೆಗೆದೇಬಿಟ್ಟ. ಬಕೆಟ್ಟಿಗೆ ನೀರು ಹಿಡಿದ. ಮಗಳು ಶಾಲೆಯಿಂದ ಬಂದವಳು ಚೀಲ ಕೂಡ ಇಳಿಸದೆ ಬಂದು ಅವನ ಕೈ ಹಿಡಿದಳು.

"ಅಪ್ಪಾ, ಕಲೆ ಹೋದ್ರೆ ಅದು ಯಾರದೋ ಒಂದು ಹಳೇ ಅಂಗಿ ಅಷ್ಟೆ. ಅಜ್ಜ ಅಲ್ಲಿ ಇದ್ರು ಅನ್ನೋಕೆ ಬೇರೆ ಏನಿದೆ? ಫೋಟೋ ಇದೆಯಾ? ಹೆಸರು ಎಲ್ಲಾದ್ರೂ ಇದೆಯಾ? ಲಾಂಡ್ರಿಯವರನ್ನ ಯಾರು ಬರೆದಿಟ್ಕೊಂಡಿದ್ರು?"

ಹಿಡಿದ ಕೈಯನ್ನು ಅವಳು ಬಿಡಲಿಲ್ಲ. ಇದು ಕೆಲಸ ಖಾಯಂ ಆಗುವ ಮಾತಲ್ಲ ಎಂದು ಗಂಜಿಯಣ್ಣನಿಗೆ ಗೊತ್ತಾಯಿತು. ಅಜ್ಜನನ್ನು ಅವಳು ನಿಜವಾಗಿಯೂ ಉಳಿಸಿಕೊಳ್ಳಲು ನೋಡುತ್ತಿದ್ದಳು. ಡಬ್ಬಿಯ ಮುಚ್ಚಳ ಹಾಕಿದ.

"ನಿಮ್ಮಜ್ಜಿಗೆ ಏನಂತ ಹೇಳಲಿ ಮತ್ತೆ?"

ಉತ್ತರ ಕೊಟ್ಟವಳು ಹೆಂಡತಿ. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವಳು ತಿರುಗಿ ಕೂಡ ನೋಡದೆ ಅಂದಳು: "ಅತ್ತೆಗೆ ಕಣ್ಣು ಕಾಣಲ್ಲ. ಹೋಯ್ತು ಅಂದ್ಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಇವತ್ತಾದ್ರೂ ಎಲ್ಲರೂ ಬಿಸಿ ಅನ್ನ ಉಣ್ಣೋಣ."

ಕೇಳಬಾರದ ಮಾತು. ಆದರೆ ಮೂವರೂ ದಣಿದಿದ್ದರು. ಯಾರೂ ಬೇಡ ಅನ್ನಲಿಲ್ಲ.

ಗಂಜಿಯಣ್ಣ ಸುಳ್ಳನ್ನೂ ಅಚ್ಚುಕಟ್ಟಾಗಿಯೇ ಮಾಡಿದ. ತಣ್ಣೀರಿನಲ್ಲಿ ಮೆತ್ತನೆಯ ಸೋಪು ಕಲಸಿ ಅಂಗಿಯನ್ನು ಅದ್ದಿ ತೆಗೆದ. ಅಮ್ಮನ ಒಂದು ವರ್ಷದ ಉಜ್ಜಾಟಕ್ಕೆ ಜಗ್ಗದ ಕಲೆ ಅಷ್ಟಕ್ಕೆಲ್ಲ ಜಗ್ಗಲಿಲ್ಲ. ನೆರಳಲ್ಲಿ ಒಣಗಿಸಿ, ತೆಳುವಾಗಿ ಗಂಜಿ ಕೊಟ್ಟು, ಕಾಲರು ತಿದ್ದಿ ಇಸ್ತ್ರಿ ಮಾಡಿದ. ಬಿಸಿ ಆರುವ ಮೊದಲೇ ತಂದು ಅಜ್ಜಿಯ ತೊಡೆಯ ಮೇಲಿಟ್ಟ.

ಅಜ್ಜಿ ಮೊದಲು ಮೂಸಿದಳು. ಆಮೇಲೆ ಅಂಗೈಯಲ್ಲಿ ಭುಜದಿಂದ ಎದೆಯವರೆಗೆ ಸವರಿದಳು, ಇನ್ನೊಮ್ಮೆ ಸವರಿದಳು.

"ಹೋಯ್ತೇನೋ?"

"ಹೋಯ್ತಮ್ಮ."

"ಪೂರ್ತಿ?"

"ಪೂರ್ತಿ."

"ಕೈಗೆ ಸಿಗ್ತಾನೇ ಇಲ್ಲ!" ಅಜ್ಜಿ ನಕ್ಕಳು. ಅವಳ ಬೊಚ್ಚುಬಾಯಿ ಅಷ್ಟಗಲ ತೆರೆದದ್ದನ್ನು ಅವರು ಬಹಳ ಕಾಲದಿಂದ ನೋಡಿರಲಿಲ್ಲ. "ಮಗಾ, ನಿಮ್ಮಪ್ಪನಿಗಿಂತ ನೀನೇ ಜಾಣ. ಆ ಸಾಹುಕಾರರ ಹೆಂಡತಿ ಇದ್ದಿದ್ರೆ ತಗೊಂಡು ಹೋಗಿ ಮುಖಕ್ಕೆ ಹಿಡೀತಿದ್ದೆ."

ಆ ದಿನ ಅವಳು ಎರಡು ಸಲ ಸಾರು ಹಾಕಿಸಿಕೊಂಡಳು. ಹಳೆಯ ಗಿರಾಕಿಗಳನ್ನು ಅಣಕಿಸಿ ಎಲ್ಲರನ್ನೂ ನಗಿಸಿದಳು. ಅನ್ನ ಬಿಸಿಯಾಗಿತ್ತು. ಗಂಜಿಯಣ್ಣ ಮಾತ್ರ ತಟ್ಟೆಯನ್ನು ಅರ್ಧಕ್ಕೇ ಸರಿಸಿದ.

ಉದ್ಘಾಟನೆಯ ದಿನ ಇಡೀ ಊರು ಬಿಳಿಯಾಗಿತ್ತು. ಅಜ್ಜಿಯನ್ನು ಕರೆದೊಯ್ಯುವುದು ಬೇಡವೆಂದು ಸೊಸೆ ಹೇಳಿ ನೋಡಿದಳು. ಅಜ್ಜಿ ಕೇಳಲಿಲ್ಲ. ಒಗೆದ ಬಟ್ಟೆಯನ್ನು ಕೊಡುವಾಗ ಅಂಗಡಿಯವರು ಎದುರಿಗಿರಬೇಕು ಎಂದಳು. ಮುಂದಿನ ಸಾಲಿನಲ್ಲಿ ಕೂರಿಸಿದರು. ಭಾಷಣಗಳಾದವು. ಧ್ವನಿವರ್ಧಕ ಅರ್ಧ ಮಾತು ನುಂಗುತ್ತಿತ್ತು, ಕಲೆಯ ಮಾತು ಅಜ್ಜಿಯ ಕಿವಿಗೆ ಬೀಳಲಿಲ್ಲ, ಅದೊಂದು ಪುಣ್ಯ. ಟೀಚರ್ ಅತ್ತಿತ್ತ ಓಡಾಡುತ್ತಲೇ ಅಪ್ಪನ ಕಡೆ ಕಣ್ಣು ಹಾಯಿಸುತ್ತಿದ್ದಳು. ಎಲ್ಲ ಸರಿಯಾಗಿ ಮುಗಿಯುತ್ತಿದೆ ಎಂದು ಮೂವರೂ ಉಸಿರು ಬಿಟ್ಟರು.

"ಒಂದು ಸಲ ಮುಟ್ಟಿ ಬರೋಣ," ಎಂದಳು ಅಜ್ಜಿ.

ಲಾಕಪ್ಪಿನ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಗಿಯನ್ನು ತೋಳು ಚಾಚಿ ನಿಲ್ಲಿಸಿದ್ದರು. ಜನ ಸಾಲಾಗಿ ನೋಡಿ ಹೋಗುತ್ತಿದ್ದರು. ಗಂಜಿಯಣ್ಣ ಅಮ್ಮನ ಕೈಯನ್ನು ಗಾಜಿಗೆ ತಾಗಿಸಿದ. ತಣ್ಣಗಿದೆ, ಎಂದಳು. ಪಕ್ಕದಲ್ಲಿ ಒಬ್ಬಾಕೆ ತನ್ನ ಪುಟ್ಟ ಮಗಳನ್ನು ಎತ್ತಿಕೊಂಡು ತೋರಿಸುತ್ತಿದ್ದಳು.

"ಅಲ್ಲಿ ನೋಡು ಪುಟ್ಟಿ, ಭುಜದ ಹತ್ರ. ಕಂದು ಬಣ್ಣದ ದೊಡ್ಡ ಕಲೆ. ಕಾಣ್ತಾ?"

"ಕಾಣ್ತು. ಯಾಕಮ್ಮ ಒಗೆದೇ ಇಲ್ಲ?"

ಅಜ್ಜಿಯ ಕೈ ಗಾಜಿನ ಮೇಲೆ ಹಾಗೇ ಇತ್ತು. ಸೊಸೆ ಬೇರೆ ಕಡೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಅಧ್ಯಕ್ಷರು ಬಂದು, "ಅಜ್ಜಮ್ಮ, ಇವತ್ತು ನಿಮಗೆ ಹೆಮ್ಮೆಯಾಗಿರಬೇಕಲ್ಲ?" ಎಂದು ಕೇಳಿದರು.

"ಹೂಂ ಸ್ವಾಮಿ," ಎಂದಳು ಅಜ್ಜಿ. ಗಾಜಿನಿಂದ ಕೈ ತೆಗೆದಳು.

ಮನೆಗೆ ನಡೆದೇ ಹೊರಟರು. ಗಂಜಿಯಣ್ಣ ಅಮ್ಮನ ಕೈ ಹಿಡಿದಿದ್ದ, ಉಳಿದಿಬ್ಬರು ಹಿಂದೆ. ಬೀದಿಯಲ್ಲಿ ಬಿಳಿ ಅಂಗಿಯವರು ಅಜ್ಜಿಗೆ ಕೈ ಮುಗಿದು ದಾರಿ ಬಿಡುತ್ತಿದ್ದರು. ಅವನಿಗೆ ಕಾಲು ನೋಯುತ್ತಿತ್ತು. ನಾಚಿಕೆಯಿಂದ ಮೈಯೆಲ್ಲ ಬೆವರುತ್ತಿತ್ತು. ಅಮ್ಮ ಬೈದರೆ ಸಾಕಿತ್ತು, ಬೀದಿಯಲ್ಲೇ ಹೊಡೆದಿದ್ದರೂ ಆಗುತ್ತಿತ್ತು. ಎಂಥೆಂಥ ಕಲೆ ತೆಗೆದಿದ್ದೇನೆಂದು ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಅವನು ಕೊಚ್ಚಿಕೊಂಡಿದ್ದನ್ನೆಲ್ಲ ಕೇಳಿದವಳು ಅವಳು. ಆ ಕಲೆ ಅವನ ಕೈಯಲ್ಲಿ ಹೋಗುತ್ತಿತ್ತೋ ಇಲ್ಲವೋ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಗಡಿಯ ಮೆಟ್ಟಿಲ ಬಳಿ ಅಜ್ಜಿ ನಿಂತಳು.

"ನಿನ್ನ ಕೈಲೂ ಆಗಲಿಲ್ಲ ಅಂತ ಅಂದ್ಕೋತೀನಿ ಬಿಡು," ಎಂದಳು. "ಬೇಜಾರು ಮಾಡ್ಕೋಬೇಡ. ಕೆಲವು ಹೋಗಲ್ಲ."

ಆ ಅಂಗಡಿಯ ಮುಂದೆ ನಿಂತು ಯಾರೂ ಅವನಿಗೆ ಅಂಥ ಮಾತು ಹೇಳಿರಲಿಲ್ಲ. ಗಂಜಿಯಣ್ಣ ಬೀಗ ತೆಗೆದು, ಅಮ್ಮನನ್ನು ಮೆಟ್ಟಿಲು ಹತ್ತಿಸಿದ.

"ಹೌದಮ್ಮ," ಎಂದ. "ನನ್ನ ಕೈಲೂ ಆಗಲಿಲ್ಲ."